ಬಲೆ ಇಳಿಯುವ ಮೊದಲು ಕಟ್ಟಳೆ ಇಳಿಯಲಿ: ಯಾರದ್ದೂ ಅಲ್ಲದ ಕಡಲಿನ ಬಗ್ಗೆ ಕೇಂದ್ರ ಮೀನುಗಾರಿಕೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಮೀನುಗಾರಿಕೆ ಸಚಿವರಿಗೆ,

ವಂದನೆಗಳು.

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತನಾಗಿ, ಈಗ ಇರುವಷ್ಟು ಅಡಿಕೆ ತೋಟ ನೋಡಿಕೊಂಡಿದ್ದೇನೆ. ಬಲೆ ಬೀಸಿ ಬದುಕುವವನೂ ಅಲ್ಲ, ಕಡಲ ವಿಜ್ಞಾನಿಯೂ ಅಲ್ಲ. ಘಟ್ಟದ ಮೇಲೆ ಕುಳಿತವನಿಗೆ ಅಂತರರಾಷ್ಟ್ರೀಯ ಸಮುದ್ರದ ಮೀನಿನ ಉಸಾಬರಿ ಏಕೆ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಮಳೆ ಕಳೆದ ಮೇಲಿನ ತಿಳಿಯಾದ ಸಂಜೆಗಳಲ್ಲಿ ಕೊಡಚಾದ್ರಿಯ ಸರ್ವಜ್ಞ ಪೀಠದ ಬಳಿ ನಿಂತರೆ ಪಡುವಣದಲ್ಲಿ ಕಡಲು ಒಂದು ಬೆಳ್ಳಿಗೆರೆಯಾಗಿ ನಮಗೂ ಕಾಣುತ್ತದೆ. ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಗಾಡಿಯ ಹಾರನ್ನಿಗೆ ನಮ್ಮೂರಿನ ಬೆಕ್ಕುಗಳೂ ಎದ್ದು ಬರುತ್ತವೆ. ಕಡಲಿಗೂ ನಮಗೂ ಇರುವ ನಂಟು ಇಷ್ಟೇ ಎಂದರೂ ಈ ಪತ್ರ ಬರೆಯಲು ಅದು ಸಾಕು ಎಂದುಕೊಂಡಿದ್ದೇನೆ.

ಹೋದ ವರ್ಷ ಬಂಗುಡೆಯ ರೇಟು ಕೇಳಿ ಹುಬ್ಬೇರಿಸಿದಾಗ ಆ ಗಾಡಿಯವರು ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: "ಹತ್ರದಲ್ಲಿ ಮೀನೆಲ್ಲಿದೆ ಮೇಷ್ಟ್ರೇ? ಬೋಟು ದೂರ ದೂರ ಹೋಗ್ಬೇಕು. ದೂರ ಹೋದ್ರೆ ಬೇಕಾದಷ್ಟಿದೆಯಂತೆ." ಈ 'ಬೇಕಾದಷ್ಟಿದೆಯಂತೆ' ಎನ್ನುವ ನಂಬಿಕೆ ಗಾಡಿಯವರ ಬಾಯಲ್ಲಿ ಬಂದರೆ ಅದು ಮಾತು, ಸರ್ಕಾರದ ಕಡತಕ್ಕೆ ಹತ್ತಿದರೆ ಅದು ನೀತಿಯಾಗುತ್ತದೆ. 2025ರ ಫೆಬ್ರುವರಿಯ ಬಜೆಟ್ಟಿನಲ್ಲಿ ನಮ್ಮ ಅನನ್ಯ ಆರ್ಥಿಕ ವಲಯದಿಂದಲೂ ಅದರಾಚೆಯ ಮುಕ್ತ ಸಮುದ್ರದಿಂದಲೂ ಮೀನು ಹಿಡಿಯಲು ಅನುವು ಮಾಡುವ ಚೌಕಟ್ಟು ತರುವುದಾಗಿ ಘೋಷಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಆರ್ಥಿಕ ವಲಯದ ನಿಯಮಗಳು ಹೊರಬಂದವು. ಬೆಳಕು ಬಿಟ್ಟು ಮೀನು ಸೆಳೆಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿರುವುದು, ಮೀನುಗಾರರ ಸಹಕಾರ ಸಂಘಗಳಿಗೆ ಮೊದಲ ಆದ್ಯತೆ ಕೊಟ್ಟಿರುವುದು, ವಿದೇಶಿ ಹಡಗುಗಳನ್ನು ಹೊರಗಿಟ್ಟಿರುವುದು ಇವೆಲ್ಲ ಸ್ವಾಗತಾರ್ಹವೇ. ನನ್ನ ಅಹವಾಲು ಇರುವುದು ಆ ನಿಯಮಗಳ ಗಡಿ ಮುಗಿದ ಮೇಲೆ ಶುರುವಾಗುವ ನೀರಿನ ಬಗ್ಗೆ.

ಆ ನೀರು ಎಲ್ಲಿದೆ ಎಂಬುದನ್ನು, ಈ ಪತ್ರ ಓದಬಹುದಾದ ನಮ್ಮ ಕಡೆಯವರಿಗಾಗಿ, ಒಮ್ಮೆ ಹೇಳಿಕೊಳ್ಳುತ್ತೇನೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿವರೆಗಿನದು ಪ್ರಾದೇಶಿಕ ಸಮುದ್ರ. 200 ನಾಟಿಕಲ್ ಮೈಲಿವರೆಗೆ, ಎಂದರೆ ಸುಮಾರು 370 ಕಿಲೋಮೀಟರ್ ದೂರದವರೆಗೆ, ಮೀನಿನ ಮೇಲೆ ಆಯಾ ದೇಶಕ್ಕೆ ಹಕ್ಕು; ಇದೇ ಅನನ್ಯ ಆರ್ಥಿಕ ವಲಯ. ನಮ್ಮ ಬದಿಯಲ್ಲಿ ಲಕ್ಷದ್ವೀಪದ ಸುತ್ತಲಿನ 200 ಮೈಲಿಯೂ ಇದರಲ್ಲಿ ಸೇರುತ್ತದೆ. ಅದರಾಚೆಯದು ಯಾವ ದೇಶದ್ದೂ ಅಲ್ಲ. ಭೂಮಿಯ ಮೇಲಿನ ಕಡಲಿನ ಮೂರರಲ್ಲಿ ಸುಮಾರು ಎರಡು ಪಾಲು ಹೀಗೆ ಯಾರದ್ದೂ ಅಲ್ಲದ ನೀರು. ಭಾರತ ಈ ಒಪ್ಪಂದವನ್ನು 1995ರಲ್ಲಿ ಅನುಮೋದಿಸಿತು. ಮುಕ್ತ ಸಮುದ್ರದಲ್ಲಿ ಎಲ್ಲ ದೇಶದವರಿಗೂ ಮೀನು ಹಿಡಿಯುವ ಸ್ವಾತಂತ್ರ್ಯ ಉಂಟೆಂದು ಇದೇ ಒಪ್ಪಂದ ಹೇಳುತ್ತದೆ. ಅಲ್ಲಿನ ಜೀವಸಂಪತ್ತನ್ನು ಕಾಪಾಡಲು ತಮ್ಮ ತಮ್ಮ ಪ್ರಜೆಗಳನ್ನು ಹದ್ದುಬಸ್ತಿನಲ್ಲಿಡುವ, ಉಳಿದ ದೇಶಗಳೊಂದಿಗೆ ಕೂಡಿ ನಡೆಯುವ ಹೊಣೆಯೂ ಉಂಟೆಂದು ಮುಂದಿನ ವಿಧಿಗಳಲ್ಲಿ ಹೇಳುತ್ತದೆ. ಮೊದಲನೆಯದನ್ನು ಎಲ್ಲರೂ ಓದಿಕೊಂಡರು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಮಲ್ಪೆ, ಮಂಗಳೂರು, ಗಂಗೊಳ್ಳಿಗಳಲ್ಲಿ 'ಆಳಸಮುದ್ರ ಮೀನುಗಾರಿಕೆ' ಎಂದರೆ ಹತ್ತು ಹನ್ನೆರಡು ದಿನಕ್ಕಾಗುವಷ್ಟು ಐಸು, ಅಕ್ಕಿ, ಡೀಸೆಲ್ ತುಂಬಿಕೊಂಡು ಹೊರಡುವ ಟ್ರಾಲ್ ಬೋಟುಗಳ ಕೆಲಸ. ಆ ಶ್ರಮವನ್ನು ಕಡೆಗಣಿಸುವ ಮಾತು ನನ್ನದಲ್ಲ. ಆದರೆ ಆ ಬೋಟುಗಳು ಬಹುಮಟ್ಟಿಗೆ ಖಂಡದ ಅಂಚಿನ, ಅಷ್ಟು ಆಳವಿಲ್ಲದ ತಳದ ಮೇಲೆಯೇ ದುಡಿಯುವಂಥವು. ಜಗತ್ತಿನ ವೇದಿಕೆಗಳಲ್ಲಿ ಆಳಸಮುದ್ರ ಮೀನುಗಾರಿಕೆ ಎಂದಾಗ ಮನಸ್ಸಿನಲ್ಲಿರುವುದು 200 ಮೀಟರಿನಿಂದ 2,000 ಮೀಟರ್‌ವರೆಗಿನ ಕತ್ತಲ ಲೋಕ: ಬಿಸಿಲು ಇಳಿಯದ, ಮೇಲ್ಪದರದಿಂದ ಉದುರಿ ಬರುವ ಸತ್ತ ಜೀವಿಗಳ ಚೂರನ್ನೇ ನಂಬಿದ ಲೋಕ. ಅಲ್ಲಿ ಬದುಕು ನಿಧಾನ. ಬೆಳೆಯುವುದು ನಿಧಾನ, ಹೆರುವುದು ನಿಧಾನ, ಸಾಯುವುದೂ ನಿಧಾನ. ಬಂಗುಡೆಯ ಲೆಕ್ಕವನ್ನು ಅಲ್ಲಿಗೆ ಒಯ್ದರೆ ಏನಾಗುತ್ತದೆ ಎಂಬುದಕ್ಕೆ ಐವತ್ತು ವರ್ಷಗಳ ದಾಖಲೆ ಕಣ್ಣ ಮುಂದಿದೆ.

ಆರೆಂಜ್ ರಫಿ ಎಂಬ ಮೀನಿನ ಕಥೆಯನ್ನೇ ತೆಗೆದುಕೊಳ್ಳೋಣ. ಇದಕ್ಕೆ ಮೊದಲು ಇದ್ದ ಇಂಗ್ಲಿಷ್ ಹೆಸರಿನ ಅರ್ಥ 'ಲೋಳೆತಲೆ'. ಆ ಹೆಸರಿನಲ್ಲಿ ಯಾರೂ ಕೊಳ್ಳುವುದಿಲ್ಲವೆಂದು ವ್ಯಾಪಾರಕ್ಕಾಗಿ ಹೊಸ ನಾಮಕರಣ ಮಾಡಿದರು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನ ಬಳಿ, ಆಮೇಲೆ ಆಸ್ಟ್ರೇಲಿಯಾದ ಬಳಿ, ಸಮುದ್ರದಡಿಯ ಬೆಟ್ಟಗಳ ಸುತ್ತ ಈ ಮೀನು ರಾಶಿರಾಶಿಯಾಗಿ ಸಿಕ್ಕಿತು. ಒಂದೇ ಎಳೆತಕ್ಕೆ ಬಲೆ ಹರಿಯುವಷ್ಟು ಮೀನು ಬಂದಾಗ ಎಲ್ಲರೂ ಇದು ಮುಗಿಯದ ಸಂಪತ್ತೆಂದೇ ಬಗೆದರು. ಅದರ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿರುವ ಉಂಗುರಗಳನ್ನು, ಮರದ ಉಂಗುರಗಳನ್ನು ಎಣಿಸುವ ಹಾಗೆ, ಎಣಿಸಿ ನೋಡಿದ ಮೇಲೆ ತಿಳಿದದ್ದು ಬೇರೆ. ಈ ಮೀನು ಹೆರಿಗೆಗೆ ಬರಲು ಹೆಚ್ಚುಕಡಿಮೆ 30 ವರ್ಷ ಬೇಕು. 200 ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ತಟ್ಟೆಗೆ ಬಂದ ತುಂಡು ಶಿವಪ್ಪನಾಯಕನ ಕಾಲದ್ದಲ್ಲವಾದರೂ, ಟಿಪ್ಪುವಿನ ಕಾಲದ್ದಾಗಿರಬಹುದಿತ್ತು. ರಾಶಿಯಾಗಿ ಸಿಗುತ್ತಿದ್ದುದಕ್ಕೂ ಕಾರಣವಿತ್ತು: ಮೊಟ್ಟೆಯಿಡಲು ಅವು ಬೆಟ್ಟದ ನೆತ್ತಿಯ ಸುತ್ತ ಒಟ್ಟಾಗುತ್ತವೆ, ಬಲೆ ಬೀಳುತ್ತಿದ್ದುದು ಆ ಹೊತ್ತಿಗೇ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ತುಂಬಿ ಗದ್ದೆಯ ನೀರು ಹರಿದಾಗ ಹೊಟ್ಟೆ ತುಂಬ ತತ್ತಿ ಹೊತ್ತ ಮೀನುಗಳು ಪ್ರವಾಹಕ್ಕೆ ಎದುರಾಗಿ ಹತ್ತಿ ಬರುತ್ತವೆ. 'ಹತ್ತು ಮೀನು' ಎಂದು ನಾವು ಸಂಭ್ರಮದಿಂದ ಟಾರ್ಚು, ಕತ್ತಿ ಹಿಡಿದು ರಾತ್ರಿಯಿಡೀ ಗದ್ದೆಯಂಚಿನಲ್ಲಿ ನಿಲ್ಲುತ್ತಿದ್ದೆವು. ಹುಡುಗನಾಗಿದ್ದಾಗ ನಾನೂ ನಿಂತಿದ್ದೇನೆ, ಆ ಸಾರಿನ ರುಚಿಯೂ ನೆನಪಿದೆ. ಅಂದು ಗೋಣಿಚೀಲದಲ್ಲಿ ತಂದಿದ್ದ ಹಳ್ಳದಲ್ಲಿ ಇಂದು ಒಂದು ಹೊತ್ತಿನ ಸಾರಿಗಾಗುವಷ್ಟು ಸಿಕ್ಕಿದರೆ ಹೆಚ್ಚು. ನಮ್ಮ ಹಳ್ಳದ ಮೀನಾದರೋ ಒಂದೆರಡು ವರ್ಷಕ್ಕೆ ತತ್ತಿಗೆ ಬರುತ್ತದೆ, ಬಿಟ್ಟರೆ ಚೇತರಿಸಿಕೊಂಡೀತು. ಮೂವತ್ತು ವರ್ಷ ಕಾದು ತತ್ತಿಯಿಡುವ ಮೀನಿನ ಗತಿ ಹಾಗಲ್ಲ. ನಮೀಬಿಯಾದಲ್ಲಿ 1990ರ ದಶಕದ ನಡುವೆ ಶುರುವಾದ ಆರೆಂಜ್ ರಫಿ ಮೀನುಗಾರಿಕೆ ಕೆಲವೇ ವರ್ಷಗಳಲ್ಲಿ ಕುಸಿಯಿತು. 1999-2000ರ ಹೊತ್ತಿಗೆ ಹಡಗುಗಳು ನಮ್ಮದೇ ಹಿಂದೂ ಮಹಾಸಾಗರಕ್ಕೆ, ಮಡಗಾಸ್ಕರಿನ ದಕ್ಷಿಣದ ಸಮುದ್ರಬೆಟ್ಟಗಳಿಗೆ ಧಾವಿಸಿದವು. ಅಲ್ಲಿ ಆಗ ಕೇಳುವವರೇ ಇರಲಿಲ್ಲ, ಎರಡು ಮೂರು ವರ್ಷದೊಳಗೆ ಆ ಸುಗ್ಗಿಯೂ ಮುಗಿಯಿತು. ಅಲ್ಲಿಗೆ ಒಂದು ನಿಯಂತ್ರಣ ವ್ಯವಸ್ಥೆ, ಎಂದರೆ ದಕ್ಷಿಣ ಹಿಂದೂ ಮಹಾಸಾಗರ ಮೀನುಗಾರಿಕೆ ಒಪ್ಪಂದ, ಸಹಿಯಾದದ್ದು 2006ರಲ್ಲಿ, ಜಾರಿಗೆ ಬಂದದ್ದು 2012ರಲ್ಲಿ. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದ ಹಾಗೆ.

ಬಲೆ ಎಳೆದಾಗ ಬರುವುದು ಮೀನು ಮಾತ್ರವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಸಮುದ್ರದಡಿಯ ಬೆಟ್ಟಗಳ ಮೇಲೆ ತಣ್ಣೀರ ಹವಳಗಳೂ ಸ್ಪಂಜುಗಳೂ ಕಾಡಿನಂತೆ ಬೆಳೆದಿರುತ್ತವೆ. ಹವಾಯಿಯ ಬಳಿಯ ಆಳದಲ್ಲಿ ಸಿಕ್ಕ ಒಂದು ಕಪ್ಪು ಹವಳದ ವಯಸ್ಸು 4,000 ವರ್ಷಕ್ಕೂ ಹೆಚ್ಚೆಂದು ಲೆಕ್ಕ ಹಾಕಿದ್ದಾರೆ. ಟನ್ನುಗಟ್ಟಲೆ ತೂಕದ ಕಬ್ಬಿಣದ ಹಲಗೆ, ಉರುಳೆಗಳನ್ನು ಕಟ್ಟಿದ ಟ್ರಾಲ್ ಬಲೆ ಒಮ್ಮೆ ಅದರ ಮೇಲೆ ಹಾದುಹೋದರೆ, ನಮ್ಮ ಕಡೆ ದೇವರಕಾಡಿಗೆ ಬುಲ್ಡೋಜರ್ ನುಗ್ಗಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿರುವುದಿಲ್ಲ. ವ್ಯತ್ಯಾಸವೆಂದರೆ ದೇವರಕಾಡು ಕಡಿದರೆ ಊರಿನಲ್ಲಿ ಒಬ್ಬರಾದರೂ ಗಲಾಟೆ ಮಾಡುತ್ತಾರೆ.

ಹೀಗೆಂದು ಜಗತ್ತು ಸುಮ್ಮನೆ ಕುಳಿತಿಲ್ಲ, ಸಾಕಷ್ಟು ತಡವಾಗಿಯಾದರೂ ಎದ್ದಿದೆ. 1995ರ ಮಾರ್ಚಿನಲ್ಲಿ ಕೆನಡಾ ತನ್ನ 200 ಮೈಲಿ ಗಡಿಯ ಹೊರಗೆ ಮೀನು ಹಿಡಿಯುತ್ತಿದ್ದ 'ಎಸ್ತಾಯ್' ಎಂಬ ಸ್ಪೇನಿನ ಟ್ರಾಲರನ್ನು ಗುಂಡು ಹಾರಿಸಿ ಹಿಡಿದಾಗ ಎರಡು ಮಿತ್ರರಾಷ್ಟ್ರಗಳು ಮೀನಿಗಾಗಿ ಜಗಳಕ್ಕೆ ನಿಂತವು. ಅದೇ ವರ್ಷದ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಮೀನು ಸಂಗ್ರಹ ಒಪ್ಪಂದ ಅಂಗೀಕಾರವಾಯಿತು. ಗಡಿಯ ಒಳಗೂ ಹೊರಗೂ ಅಡ್ಡಾಡುವ ಮೀನುಗಳನ್ನು ಪ್ರಾದೇಶಿಕ ಸಂಸ್ಥೆಗಳ ಮೂಲಕ ದೇಶಗಳು ಜೊತೆಯಾಗಿ ನಿರ್ವಹಿಸಬೇಕು, ಮಾಹಿತಿ ಸಾಲದಿದ್ದಾಗ ಕೈ ಬಿಗಿ ಹಿಡಿಯಬೇಕು ಎಂಬುದು ಅದರ ತಿರುಳು. ಭಾರತ 2003ರಲ್ಲಿ ಅದಕ್ಕೆ ಸೇರಿತು. 2006ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯದಲ್ಲಿ, ತಳಕ್ಕೆ ತಾಗುವ ಬಲೆಗಳಿಂದ ಸೂಕ್ಷ್ಮ ಪರಿಸರಕ್ಕೆ ಹಾನಿಯಾಗುವುದಿಲ್ಲವೆಂದು ತೋರಿಸಿ, ಇಲ್ಲವೇ ಅಂಥ ಜಾಗದಲ್ಲಿ ಮೀನುಗಾರಿಕೆ ನಿಲ್ಲಿಸಿ ಎಂದು ದೇಶಗಳಿಗೆ 2008ರ ಡಿಸೆಂಬರ್ ಕೊನೆಯ ಗಡುವು ಕೊಟ್ಟಿತು. 2008ರಲ್ಲೇ ಆಹಾರ ಮತ್ತು ಕೃಷಿ ಸಂಸ್ಥೆ ಮುಕ್ತ ಸಮುದ್ರದ ಆಳ ಮೀನುಗಾರಿಕೆಗೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊರತಂದಿತು. ಬಲೆ ಇಳಿಸುವ ಮೊದಲು ಪರಿಣಾಮವನ್ನು ಅಳೆಯಿರಿ, ಹವಳ ಸ್ಪಂಜು ಬಲೆಗೆ ಬಂದರೆ ಆ ಜಾಗ ಬಿಟ್ಟು ಹೊರಡಿ, ಅದನ್ನು ವರದಿ ಮಾಡಿ, ನಿಧಾನ ಬೆಳೆಯುವ ಮೀನಿಗೆ ತಕ್ಕಂತೆ ಹಿಡಿಯುವ ಪ್ರಮಾಣ ಕಡಿಮೆ ಇಡಿ ಎನ್ನುವಂಥ ಸೂಚನೆಗಳು ಅದರಲ್ಲಿವೆ. ನಾನು ಓದಿದ ಮಟ್ಟಿಗೆ ಅದು ಒಳ್ಳೆಯ ದಾಖಲೆ. ಆದರೆ ಪಾಲಿಸಲೇಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಅದನ್ನು ಕಾನೂನಾಗಿ ಇಳಿಸಬೇಕಾದದ್ದು ಆಯಾ ಕಡಲಿನ ಪ್ರಾದೇಶಿಕ ಸಂಸ್ಥೆ ಮತ್ತು ಹಡಗಿನ ಮೇಲೆ ತನ್ನ ಬಾವುಟ ಹಾರಿಸುವ ದೇಶ.

ಸಚಿವರೇ, ನನ್ನ ಆತಂಕದ ಗಂಟು ಇರುವುದೇ ಇಲ್ಲಿ. ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್, ದಕ್ಷಿಣ ಪೆಸಿಫಿಕ್, ಅಂಟಾರ್ಕ್ಟಿಕ, ದಕ್ಷಿಣ ಹಿಂದೂ ಮಹಾಸಾಗರ ಎಲ್ಲಕ್ಕೂ ಒಂದಲ್ಲ ಒಂದು ಸಂಸ್ಥೆ ಇದೆ. ಅವುಗಳ ಕೆಲಸ ಚೆನ್ನಾಗಿದೆಯೋ ಇಲ್ಲವೋ, ಕೇಳಲು ಒಂದು ಬಾಗಿಲಾದರೂ ಇದೆ. ಕೊಡಚಾದ್ರಿಯಿಂದ ಕಾಣುವ ಅರಬ್ಬೀ ಸಮುದ್ರದ ಉತ್ತರದ ಮುಕ್ತ ನೀರಿಗೆ, ಟ್ಯೂನಾ ಜಾತಿಯವನ್ನು ಬಿಟ್ಟು ಉಳಿದ ಮೀನುಗಳ ಮಟ್ಟಿಗೆ, ಆ ಬಾಗಿಲೂ ಇಲ್ಲ. ಸೇಶೆಲ್ಸ್‌ನಲ್ಲಿ ಕಚೇರಿಯಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ಕೈಯಲ್ಲಿರುವುದು 16 ಜಾತಿಗಳು ಮಾತ್ರ: ನಮ್ಮ ಕರಾವಳಿಯವರು ಕೇದರ ಎನ್ನುವ ಟ್ಯೂನಾ ಮತ್ತು ಅದರ ಬಳಗ. ದಕ್ಷಿಣ ಹಿಂದೂ ಮಹಾಸಾಗರದ ಒಪ್ಪಂದದ ಗಡಿ ಇಲ್ಲಿಯವರೆಗೆ ಬರುವುದಿಲ್ಲ. ನಡುವೆ ಉಳಿದದ್ದು ಹೇಳುವವರು ಕೇಳುವವರು ಇಲ್ಲದ ನೀರು.

ಇಂಥ ನೀರನ್ನು ಹುಡುಕಿಕೊಂಡು ಬರುವವರು ಬಂದೇ ಬಂದರು. 2015ರಲ್ಲಿ ಅರಬ್ಬೀ ಸಮುದ್ರದ ಈ ಭಾಗದಲ್ಲಿ ಬೊಂಡಾಸ್, ಎಂದರೆ ಸ್ಕ್ವಿಡ್, ಹಿಡಿಯುವ ವಿದೇಶಿ ಹಡಗುಗಳು ಸುಮಾರು 30 ಇದ್ದವು. 2019ರ ಹೊತ್ತಿಗೆ 300ರ ಸಮೀಪಕ್ಕೆ ಬಂದವು. ಬಹುಪಾಲು ಚೀನಾದವು. ರಾತ್ರಿ ಅವು ಉರಿಸುವ ದೀಪಗಳ ಸಾಲು ಉಪಗ್ರಹದ ಚಿತ್ರಗಳಲ್ಲಿ ತೇಲುವ ಪಟ್ಟಣದ ಹಾಗೆ ಕಾಣುತ್ತದೆ. ನಾವು ನಮ್ಮ ಮೀನುಗಾರರಿಗೆ ಬೆಳಕಿನ ಮೀನುಗಾರಿಕೆ ಬೇಡವೆಂದು ಹೇಳುತ್ತೇವೆ, ಗಡಿಯಾಚೆ ಬೆಳಕಿನ ಜಾತ್ರೆ ನಡೆಯುತ್ತದೆ. ಅಲ್ಲಿ ಸಿಗುವ ಬೊಂಡಾಸ್ ಆರೆಂಜ್ ರಫಿಯ ತದ್ವಿರುದ್ಧ: ಸುಮಾರು ಒಂದು ವರ್ಷ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಬೇಗ ಹುಟ್ಟುತ್ತದಲ್ಲ, ಏನೂ ಆಗದು ಎನ್ನುವವರಿದ್ದಾರೆ. ಆದರೆ ಈ ವರ್ಷದ ಸಂತತಿಯೇ ಮುಂದಿನ ವರ್ಷದ ಏಕೈಕ ಬೀಜ. ಭತ್ತದ ಕಣಜದಲ್ಲಿ ಹಿಂದಿನ ವರ್ಷದ್ದು ಉಳಿದಿರದಿದ್ದಾಗ ಬಿತ್ತನೆಯ ಭತ್ತವನ್ನೂ ಅನ್ನ ಮಾಡಿದರೆ ಏನಾಗುತ್ತದೆಯೋ ಅದೇ ಇಲ್ಲೂ ಆಗುತ್ತದೆ. ಟ್ಯೂನಾ, ಡಾಲ್ಫಿನ್, ತಿಮಿಂಗಿಲಗಳಿಗೆ ಅದು ಊಟವೂ ಹೌದು.

ಒಡೆಯರಿಲ್ಲದ ನೀರಿನ ತುಂಡಿಗೆ ಏನಾಗುತ್ತದೆ ಎನ್ನುವುದಕ್ಕೆ ಬೇರಿಂಗ್ ಸಮುದ್ರದ ಉದಾಹರಣೆ ನನಗೆ ಎಲ್ಲಕ್ಕಿಂತ ಕಟುವಾಗಿ ತೋರುತ್ತದೆ. ಅಮೆರಿಕ ಮತ್ತು ರಷ್ಯಾಗಳ ಆರ್ಥಿಕ ವಲಯಗಳ ನಡುವೆ ಅಲ್ಲೊಂದು ಮುಕ್ತ ನೀರಿನ ತುಂಡು ಉಳಿದಿದೆ. ಡೋನಟ್ಟಿನ ತೂತು ಎಂದು ಅವರು ಕರೆಯುತ್ತಾರೆ, ನಾವು ಉದ್ದಿನ ವಡೆಯ ತೂತು ಎಂದುಕೊಳ್ಳಬಹುದು. 1980ರ ದಶಕದಲ್ಲಿ ಬೇರೆ ಬೇರೆ ದೇಶಗಳ ಹಡಗುಗಳು ಆ ತೂತಿಗೆ ನುಗ್ಗಿ ಪೊಲಾಕ್ ಎಂಬ ಮೀನನ್ನು ಗೋರಿದವು. 1989ರ ಸುಮಾರಿಗೆ ವರ್ಷಕ್ಕೆ ಹದಿನಾಲ್ಕು ಲಕ್ಷ ಟನ್ನಿನಷ್ಟು ಹಿಡಿದದ್ದು 1992ಕ್ಕೆ ಬರೀ 10,000 ಟನ್ ಆಸುಪಾಸಿಗೆ ಬಿತ್ತು. 1993ರಲ್ಲಿ ಮೀನುಗಾರಿಕೆ ನಿಲ್ಲಿಸಿದರು, 1994ರಲ್ಲಿ ಆರು ದೇಶಗಳು ಒಪ್ಪಂದ ಮಾಡಿಕೊಂಡವು. ಮೂವತ್ತು ವರ್ಷ ಕಳೆದರೂ ಅಲ್ಲಿ ಮತ್ತೆ ವಾಣಿಜ್ಯ ಮೀನುಗಾರಿಕೆ ಶುರು ಮಾಡುವಷ್ಟು ಮೀನು ಒಟ್ಟಾಗಿಲ್ಲ. ಪೊಲಾಕ್ ಕೂಡ ಬೇಗ ಹೆಚ್ಚುವ ಮೀನೆಂದೇ ಹೆಸರಾಗಿತ್ತು.

ಇದಕ್ಕೆ ಎದುರಾಗಿ ಆರ್ಕ್ಟಿಕ್ ಸಾಗರದ ನಡುಭಾಗವನ್ನು ನೋಡಿ. ಮಂಜುಗಡ್ಡೆ ಕರಗುತ್ತಿರುವುದರಿಂದ ಮುಂದೊಂದು ದಿನ ಅಲ್ಲಿಗೂ ಹಡಗು ಹೋಗಬಹುದು ಎಂದು ತಿಳಿದು, ಒಂದೇ ಒಂದು ವಾಣಿಜ್ಯ ಬಲೆ ಬೀಳುವ ಮೊದಲೇ, 2018ರ ಅಕ್ಟೋಬರಿನಲ್ಲಿ ಗ್ರೀನ್‌ಲೆಂಡಿನ ಇಲುಲಿಸಾಟ್ ಪಟ್ಟಣದಲ್ಲಿ ಒಂಬತ್ತು ದೇಶಗಳೂ ಯುರೋಪಿಯನ್ ಒಕ್ಕೂಟವೂ ಸಹಿ ಹಾಕಿದವು. ಸುಮಾರು 28 ಲಕ್ಷ ಚದರ ಕಿಲೋಮೀಟರ್ ನೀರಿನಲ್ಲಿ 16 ವರ್ಷ ವಾಣಿಜ್ಯ ಮೀನುಗಾರಿಕೆ ಇಲ್ಲ. ಅಷ್ಟರೊಳಗೆ ಅಲ್ಲಿ ಏನಿದೆ ಎಂದು ಎಲ್ಲರೂ ಸೇರಿ ಅಧ್ಯಯನ ಮಾಡುವುದು. 2021ರಲ್ಲಿ ಅದು ಜಾರಿಗೂ ಬಂತು. ಸಹಿ ಹಾಕಿದವರಲ್ಲಿ ಅಮೆರಿಕ, ರಷ್ಯಾ, ಚೀನಾ ಮೂವರೂ ಇದ್ದಾರೆ. ಬೇರೆ ಯಾವ ವಿಷಯದಲ್ಲಿ ಈ ಮೂವರು ಒಂದೇ ಕಾಗದಕ್ಕೆ ಸಹಿ ಹಾಕುತ್ತಾರೋ ನಾನರಿಯೆ.

ಅರಬ್ಬೀ ಸಮುದ್ರಕ್ಕೆ ಇಂಥದೊಂದು ಕಾಗದ ಬೇಕು, ಅದನ್ನು ಮುಂದೆ ನಿಂತು ಬರೆಸುವ ಕೆಲಸ ಭಾರತದ್ದಾಗಬೇಕು ಎಂಬುದೇ ಈ ಪತ್ರದ ಬೇಡಿಕೆ. ಭಾರತ, ಪಾಕಿಸ್ತಾನ, ಇರಾನ್, ಒಮಾನ್, ಯೆಮೆನ್, ಸೊಮಾಲಿಯಾ, ಮಾಲ್ಡೀವ್ಸ್‌ಗಳೂ, ಅಲ್ಲಿಗೆ ಹಡಗು ಕಳುಹಿಸುವ ದೂರದ ದೇಶಗಳೂ ಒಂದೆಡೆ ಕೂತು ಟ್ಯೂನಾ ಅಲ್ಲದ ಮೀನುಗಳಿಗೂ ಬೊಂಡಾಸಿಗೂ ಒಂದು ವ್ಯವಸ್ಥೆ ಮಾಡಬೇಕು; ಅದಾಗುವವರೆಗೆ ಹಡಗುಗಳ ಸಂಖ್ಯೆ ಈಗಿರುವುದಕ್ಕಿಂತ ಹೆಚ್ಚಬಾರದು. ಪಾಕಿಸ್ತಾನದ ಹೆಸರು ಕೇಳಿದ ಕೂಡಲೇ ಇದು ಆಗದ ಮಾತು ಎನ್ನುವುದು ಸುಲಭ. ಆದರೆ ನಾನು ಹೆಸರಿಸಿದ ಏಳೂ ದೇಶಗಳು ಈಗಾಗಲೇ ಟ್ಯೂನಾ ಆಯೋಗದಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಿವೆ. ಸಿಂಧೂ ನೀರಿನ ಜಗಳ ಮೀನಿಗೆ ಗೊತ್ತಿಲ್ಲ.

ಆ ಮೇಜಿನ ಬಳಿ ನಮ್ಮ ನಡತೆಯೂ ಸದಾ ಮೇಲ್ಪಂಕ್ತಿಯದಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಹಳದಿ ರೆಕ್ಕೆಯ ಟ್ಯೂನಾವನ್ನು ಮಿತಿಮೀರಿ ಹಿಡಿಯಲಾಗಿದೆ ಎಂದು 2015ರಲ್ಲಿ ಗೊತ್ತಾದ ಮೇಲೆ ಆಯೋಗ ಅದರ ಚೇತರಿಕೆಗೆ ಮಾಡಿದ ಕ್ರಮಗಳಲ್ಲಿ 2021ರ ನಿರ್ಣಯಕ್ಕೆ ಭಾರತ ಆಕ್ಷೇಪ ಸಲ್ಲಿಸಿತು. ಆಕ್ಷೇಪ ಸಲ್ಲಿಸಿದವರಿಗೆ ಆ ನಿರ್ಣಯ ಅನ್ವಯಿಸುವುದಿಲ್ಲ. ಗಾಳ ಹಾಕಿ ಹಿಡಿಯುವ ಲಕ್ಷದ್ವೀಪದವರ ಮೇಲೂ ಕಾರ್ಖಾನೆಯಂಥ ಹಡಗಿನ ಮೇಲೂ ಒಂದೇ ಹೊರೆ ಹೊರಿಸಬಾರದು ಎಂಬ ವಾದವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ವಾದವನ್ನು ಒಳಗಿದ್ದು ಗೆಲ್ಲಬೇಕು. ನಾಳೆ ಅರಬ್ಬೀ ಸಮುದ್ರದ ಕಾಗದಕ್ಕೆ ಬೇರೊಬ್ಬರು ಇದೇ ಬಾಗಿಲಿನಿಂದ ಹೊರಟರೆ ತಡೆಯಲು ನಮಗೆ ಬಾಯಿರುವುದಿಲ್ಲ.

ಸಹಾಯಧನದ ವಿಷಯವೂ ಇದಕ್ಕೆ ಹೆಣೆದುಕೊಂಡಿದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸರ್ಕಾರಗಳ ಸಹಾಯಧನ ಇಲ್ಲದಿದ್ದರೆ ಮುಕ್ತ ಸಮುದ್ರದಲ್ಲಿ ಈಗ ಮೀನು ಹಿಡಿಯುತ್ತಿರುವ ಪ್ರದೇಶದ ಶೇ 54ರಷ್ಟು ಭಾಗ ನಷ್ಟದ ಬಾಬತ್ತಾಗುತ್ತದೆ ಎಂದು ಲೆಕ್ಕ ತೋರಿಸಿತು. ಎಂದರೆ ಅಲ್ಲಿಗೆ ಹಡಗನ್ನು ಒಯ್ಯುವುದು ಮೀನಿನ ಬೆಲೆಯಲ್ಲ, ತೆರಿಗೆದಾರರ ದುಡ್ಡು. ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಭಾರತ ಇದನ್ನೇ ಹಿಡಿದು, ದೂರದ ಕಡಲಿಗೆ ಹೋಗುವ ಶ್ರೀಮಂತ ದೇಶಗಳು ಆ ಮೀನುಗಾರಿಕೆಗೆ 25 ವರ್ಷ ಸಹಾಯಧನ ಕೊಡಬಾರದು ಎಂದು ವಾದಿಸಿದ್ದು ಸರಿಯಾಗಿಯೇ ಇತ್ತು. ಸಂಸ್ಥೆಯ ಮೀನುಗಾರಿಕೆ ಸಹಾಯಧನ ಒಪ್ಪಂದ 2022ರಲ್ಲಿ ಅಂಗೀಕಾರವಾಗಿ 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದೆ. ಪ್ರಾದೇಶಿಕ ಸಂಸ್ಥೆಯ ನಿಯಂತ್ರಣವಿಲ್ಲದ ಮುಕ್ತ ಸಮುದ್ರದಲ್ಲಿ ಮೀನು ಹಿಡಿಯುವುದಕ್ಕೆ ಸಹಾಯಧನ ಕೊಡುವಂತಿಲ್ಲ ಎಂಬ ಷರತ್ತು ಅದರಲ್ಲಿದೆ. ಹೀಗಿರುವಾಗ ನಾವೇ ಸಹಾಯಧನ ಕೊಟ್ಟು ದೊಡ್ಡ ಹಡಗುಗಳನ್ನು ಕಟ್ಟಿಸಿ ಅದೇ ನೀರಿಗೆ ಕಳುಹಿಸಿದರೆ ಆಡಿದ ಮಾತಿಗೆ ಬೆಲೆ ಏನು ಉಳಿದೀತು? ಆ ಹಣ ಬೋಟಿನ ಐಸುಪೆಟ್ಟಿಗೆಗೆ, ಬಂದರಿನ ಶೀತಲಗೃಹಕ್ಕೆ, ಹಿಡಿದ ಮೀನು ಹಾಳಾಗದೆ ನಮ್ಮ ಘಟ್ಟದ ಮೇಲಿನವರೆಗೂ ತಲುಪುವುದಕ್ಕೆ ಹೋದರೆ ಅದೇ ಮೀನಿಗೆ ಹೆಚ್ಚು ದುಡ್ಡು ಬರುತ್ತದೆ.

ಇನ್ನು ಲ್ಯಾಂಟರ್ನ್ ಮೀನು. ಬೆರಳುದ್ದದ, ಮೈಮೇಲೆ ಮಿಣುಕುವ ಚುಕ್ಕೆಗಳಿರುವ ಈ ಮೀನುಗಳು ಹಗಲು ನೂರಾರು ಮೀಟರ್ ಆಳದಲ್ಲಿದ್ದು ರಾತ್ರಿ ಮೇಯಲು ಮೇಲೇಳುತ್ತವೆ. ಆಮ್ಲಜನಕ ತೀರಾ ಕಡಿಮೆಯಿರುವ ಅರಬ್ಬೀ ಸಮುದ್ರದ ನಡುಪದರದಲ್ಲೂ ಇವು ಅಪಾರವಾಗಿವೆ ಎಂದು ಹಿಂದಿನಿಂದಲೂ ಸಮೀಕ್ಷೆಗಳು ಹೇಳುತ್ತಿವೆ. ಇವನ್ನು ಹಿಡಿದು ಮೀನುಹಿಟ್ಟು ಮಾಡಬಹುದೆಂಬ ಆಸೆಯೂ ಅಷ್ಟೇ ಹಳೆಯದು. ಜಗತ್ತಿನ ಈ ನಡುಪದರದ ಮೀನಿನ ಒಟ್ಟು ತೂಕವನ್ನು ಮೊದಲು 100 ಕೋಟಿ ಟನ್ ಎಂದು ಅಂದಾಜಿಸಿದ್ದರು, 2014ರ ಅಧ್ಯಯನ ಅದು 1,000 ಕೋಟಿ ಟನ್ ಇರಬಹುದೆಂದಿತು. ಹತ್ತು ಪಟ್ಟು ಹೆಚ್ಚಾಯಿತೆಂದು ಕೆಲವರು ಬಾಯಲ್ಲಿ ನೀರೂರಿಸಿಕೊಂಡರು. ಹತ್ತು ಪಟ್ಟು ತಪ್ಪಬಹುದಾದಷ್ಟು ನಮಗೆ ಈ ಲೋಕ ಅಪರಿಚಿತ ಎಂದು ನನಗೆ ಅನ್ನಿಸಿತು. ಗೋದಾಮಿನಲ್ಲಿ ಅಡಿಕೆ ನೂರು ಮೂಟೆಯೋ ಸಾವಿರ ಮೂಟೆಯೋ ತಿಳಿಯದವನು ಮಂಡಿಯಲ್ಲಿ ವ್ಯಾಪಾರ ಕುದುರಿಸಲು ಕೂರುವುದಿಲ್ಲ. ಈ ಮೀನುಗಳು ದಿನವೂ ಮೇಲೆ ತಿಂದದ್ದನ್ನು ಆಳಕ್ಕೆ ಒಯ್ಯುವುದರಿಂದ ಗಾಳಿಯ ಇಂಗಾಲ ಕಡಲಾಳಕ್ಕೆ ಇಳಿಯುವ ಒಂದು ದಾರಿಯೂ ಇವೇ ಆಗಿವೆ. ಅಂಥದ್ದನ್ನು ಪುಡಿ ಮಾಡಿ ಕೋಳಿಗೂ ಸೀಗಡಿ ಕೆರೆಗೂ ಸುರಿಯುವ ಯೋಜನೆಗೆ ಸರ್ಕಾರದ ಮುದ್ರೆ ಬೀಳದಿರಲಿ.

ಅಧ್ಯಯನಕ್ಕೆ ಹಣವಿಲ್ಲ ಎನ್ನುವ ಮಾತು ಬಂದರೆ ನಂಬುವುದು ಕಷ್ಟ. 2021ರಲ್ಲಿ ಒಪ್ಪಿಗೆ ಪಡೆದ ಆಳಸಾಗರ ಅಭಿಯಾನಕ್ಕೆ 4,077 ಕೋಟಿ ರೂಪಾಯಿ ಇಟ್ಟು, ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ 'ಮತ್ಸ್ಯ 6000' ಎಂಬ ಜಲವಾಹನ ತಯಾರಿಸುತ್ತಿದ್ದೇವೆ. ಹೆಸರಿನಲ್ಲಿ ಮತ್ಸ್ಯವಿದ್ದರೂ ಕಣ್ಣಿರುವುದು ಹೆಚ್ಚಾಗಿ ಖನಿಜದ ಮೇಲೆ. 1980ರ ದಶಕದಿಂದ ದುಡಿಯುತ್ತಿರುವ 'ಸಾಗರ ಸಂಪದ' ಸಂಶೋಧನಾ ಹಡಗಿಗೆ ಸರಿಸಾಟಿಯಾದ ಹೊಸ ಹಡಗುಗಳು, ಭಾರತೀಯ ಮೀನುಗಾರಿಕೆ ಸಮೀಕ್ಷಾ ಸಂಸ್ಥೆಗೆ ಇನ್ನಷ್ಟು ಸಿಬ್ಬಂದಿ, ಮುಕ್ತ ಸಮುದ್ರದ ಮೀನೆಣಿಕೆಗೆಂದೇ ಒಂದು ಬಾಬತ್ತು, ಇವು ಅಭಿಯಾನದ ಹಣದ ಸಣ್ಣ ಪಾಲಿನಲ್ಲಿ ಆಗುವಂಥವು.

ಮುಕ್ತ ಸಮುದ್ರಕ್ಕೆ ಹೊರಡುವ ಭಾರತದ ಬಾವುಟದ ಹಡಗಿಗೆ ಅನುಮತಿ ಕೊಡುವಾಗ ನಾವೇ ಹಾಕಿಕೊಳ್ಳಬಹುದಾದ ಕಟ್ಟಳೆಗಳಿಗೆ ಯಾವ ಅಂತರರಾಷ್ಟ್ರೀಯ ಸಭೆಯನ್ನೂ ಕಾಯಬೇಕಿಲ್ಲ. ತಳಕ್ಕೆ ತಾಗುವ ಟ್ರಾಲ್ ಬಲೆಗೆ ಅನುಮತಿ ಬೇಡ. ಯುರೋಪಿಯನ್ ಒಕ್ಕೂಟ 2016ರಲ್ಲಿ ತನ್ನ ನೀರಿನಲ್ಲಿ 800 ಮೀಟರಿಗಿಂತ ಆಳದಲ್ಲಿ ಅದನ್ನು ನಿಷೇಧಿಸಿದೆ, ನಾವು ಸಮುದ್ರಬೆಟ್ಟಗಳ ಮೇಲೆ ಪೂರ್ತಿ ನಿಷೇಧಿಸಬಹುದು. ಪ್ರತಿ ಹಡಗಿನಲ್ಲೂ ಮಾಲೀಕರ ಸಂಬಳ ತಿನ್ನದ ಒಬ್ಬ ವೀಕ್ಷಕರಿರಲಿ. 1980ರ ದಶಕದಿಂದ ನಾವು ಸದಸ್ಯರಾಗಿರುವ ಅಂಟಾರ್ಕ್ಟಿಕ ಆಯೋಗದಲ್ಲಿ ಈ ಪದ್ಧತಿ ಹೊಸದೇನಲ್ಲ. ಒಂದು ಲಕ್ಷ ಬೋಟುಗಳಿಗೆ, ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ, ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಹಾಕುವ ಕಾರ್ಯಕ್ರಮ 2024ರಲ್ಲಿ ಶುರುವಾಗಿದೆ. ದೂರ ಹೋಗುವ ಹಡಗಿನಲ್ಲಿ ಅದು ಆರಿದರೆ ಹಡಗು ಮರಳಬೇಕೆಂಬ ಷರತ್ತಿರಲಿ. ಕಡಲ ನಡುವೆಯೇ ಮೀನನ್ನು ಇನ್ನೊಂದು ಹಡಗಿಗೆ ದಾಟಿಸುವ ತಾಯಿಹಡಗಿನ ವ್ಯವಸ್ಥೆ ಸಣ್ಣ ಬೋಟುಗಳಿಗೆ ಡೀಸೆಲ್ ಉಳಿಸಬಹುದು. ಆದರೆ ಜಗತ್ತಿನ ಕಳ್ಳ ಮೀನು ಲೆಕ್ಕ ತಪ್ಪಿಸಿಕೊಳ್ಳುವುದೂ ಇದೇ ದಾಟಿಸುವಾಗ ಎಂಬುದನ್ನು ಮರೆಯಬಾರದು. ವಿದೇಶಿ ಹಡಗು ಕಳ್ಳ ಮೀನು ಇಳಿಸಲು ಬಂದರೆ ಬಂದರಿನಲ್ಲೇ ತಡೆಯುವ ಬಂದರು ರಾಷ್ಟ್ರಗಳ ಒಪ್ಪಂದ 2016ರಿಂದ ಜಾರಿಯಲ್ಲಿದೆ; ಅದಕ್ಕೆ ಸೇರಲು ಮೀನಮೇಷ ಎಣಿಸುವುದು ಸಾಕು.

ಮುಕ್ತ ಸಮುದ್ರದ ಜೀವವೈವಿಧ್ಯ ಒಪ್ಪಂದಕ್ಕೆ ಭಾರತ 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದೆ, 2026ರ ಜನವರಿ 17ರಿಂದ ಅದು ಜಾರಿಯಲ್ಲಿದೆ. ಇನ್ನೇನು ಎಲ್ಲ ಸರಿಹೋಯಿತು ಎನ್ನುವ ಧಾಟಿಯ ಬರಹಗಳನ್ನು ಓದಿದ್ದೇನೆ. ಸಂರಕ್ಷಿತ ಪ್ರದೇಶಗಳನ್ನು ಗುರುತಿಸಲು ಅದರಿಂದ ಆಗುತ್ತದೆ ನಿಜ. ಆದರೆ ಈಗಿರುವ ಮೀನುಗಾರಿಕೆ ಸಂಸ್ಥೆಗಳ ಅಧಿಕಾರವನ್ನು ಕುಗ್ಗಿಸುವಂತಿಲ್ಲ ಎಂದು ಅದೇ ಹೇಳಿಕೊಂಡಿದೆ. ಎಷ್ಟು ಹಡಗು, ಯಾವ ಬಲೆ, ಎಷ್ಟು ಟನ್ ಎಂಬುದನ್ನು ಗೊತ್ತು ಮಾಡುವವರು ಮತ್ತೆ ಪ್ರಾದೇಶಿಕ ಸಂಸ್ಥೆಯವರೇ. ಸಂಸ್ಥೆಯೇ ಇಲ್ಲದ ನಮ್ಮ ಕಡಲಿಗೆ ಆ ಒಪ್ಪಂದ ಅರ್ಧ ಛತ್ರಿ.

ಸಾಗರ, ಸೊರಬದ ಕಡೆ ಬೇಸಿಗೆಯ ಕೊನೆಗೆ ಕೆರೆಬೇಟೆ ನಡೆಯುತ್ತದೆ. ಕೆರೆ ಊರಿನದು, ಮೀನು ಊರಿನದು. ದಿನ ಗೊತ್ತು ಮಾಡುವವರು ಊರವರು. ಅಂದಿನವರೆಗೆ ಯಾರೂ ಬಲೆ ಹಾಕುವಂತಿಲ್ಲ. ಶುಲ್ಕ ಕಟ್ಟಿದವರೆಲ್ಲ ಕೂಣಿ ಎಂಬ ಮೀನುಬುಟ್ಟಿ ಹಿಡಿದು ದಡದಲ್ಲಿ ಸಾಲಾಗಿ ನಿಂತು, ಸೂಚನೆ ಕೊಟ್ಟ ಮೇಲೆಯೇ ನೀರಿಗೆ ಇಳಿಯಬೇಕು. ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. ಅದರಲ್ಲೂ ಜಗಳವಿದೆ, ಕಳ್ಳತನವಿದೆ, ಮಾರಾಮಾರಿಯಾದ ವರ್ಷಗಳೂ ಇವೆ. ಅದನ್ನು ಆದರ್ಶವೆಂದು ಎತ್ತಿ ಹಿಡಿಯುತ್ತಿಲ್ಲ. ಆದರೆ ಮೊದಲು ಇಳಿದವನಿಗೇ ಕೆರೆಯ ಮೀನೆಲ್ಲ ಎಂಬ ಕಟ್ಟಳೆ ಮಾತ್ರ ಯಾವ ಊರಿನಲ್ಲೂ ಇಲ್ಲ.

ತಮ್ಮಿಂದ ನಾನು ಎರಡು ಪ್ರಶ್ನೆಗಳಿಗೆ ಉತ್ತರ ಬಯಸುತ್ತೇನೆ. ಅರಬ್ಬೀ ಸಮುದ್ರದ ಮುಕ್ತ ನೀರಿನಲ್ಲಿ ಟ್ಯೂನಾ ಅಲ್ಲದ ಮೀನು ಹಿಡಿಯಲು ಭಾರತದ ಬಾವುಟದ ಎಷ್ಟು ಹಡಗುಗಳಿಗೆ ಅನುಮತಿ ಕೊಡಲಾಗಿದೆ ಅಥವಾ ಕೊಡಲು ಉದ್ದೇಶಿಸಲಾಗಿದೆ? ಆ ಅನುಮತಿಗೆ ಮೊದಲು ಯಾವ ಮೀನಿನ ಎಷ್ಟು ಸಂಗ್ರಹವಿದೆ ಎಂಬ ಅಂದಾಜನ್ನು ಯಾರು, ಯಾವಾಗ ಮಾಡಿದ್ದಾರೆ? ಉತ್ತರವನ್ನು ಇಲಾಖೆಯ ಜಾಲತಾಣದಲ್ಲಿ, ಸಾಧ್ಯವಾದರೆ ಕನ್ನಡದಲ್ಲೂ, ಎಲ್ಲರೂ ಓದುವಂತೆ ಹಾಕಿಸಬೇಕೆಂದು ಕೋರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ದಡದಲ್ಲಿ ಕಟ್ಟಿ ನಿಲ್ಲುತ್ತವೆ, ಹುಲಿಕಲ್ ಘಾಟಿಯಲ್ಲಿ ಮೀನಿನ ಗಾಡಿಯೂ ಅಪರೂಪವಾಗುತ್ತದೆ. ಆ ಎರಡು ತಿಂಗಳು ಇಲಾಖೆಗೂ ತುಸು ಬಿಡುವಿರುತ್ತದೆ ಎಂದು ಭಾವಿಸಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ